ಚಿಕ್ಕ ಕತ್ತರಿಯ ಪಟ್ಟಿ

ಅವನಿಗೆ ನಲವತ್ತೆಂಟು ತುಂಬಿತ್ತು, ಕಿವಿಯ ಪಕ್ಕದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೂ ಬೀದಿಗೆಲ್ಲ ಅವನು ಚಿಕ್ಕ ಕತ್ತರಿಯೇ. ಅಣ್ಣ ದೊಡ್ಡ ಕತ್ತರಿ, ತಮ್ಮ ಚಿಕ್ಕ ಕತ್ತರಿ. ಹಾಗೆ ಕರೆಯಲು ಶುರು ಮಾಡಿದವರು ಯಾರೋ ಏನೋ, ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿದ್ದ ಅಂಗಡಿಯ ಹೆಸರನ್ನು ಆಮೇಲೆ ಯಾರೂ ಓದಲಿಲ್ಲ. ದೊಡ್ಡ ಕತ್ತರಿ ತೀರಿಕೊಂಡು ವರ್ಷವಾದರೂ ಚಿಕ್ಕ ಕತ್ತರಿಗೆ ಬಡ್ತಿ ಸಿಕ್ಕಿರಲಿಲ್ಲ. ನಮ್ಮ ಬೀದಿಯವರು ಬಡ್ತಿ ಕೊಡುವುದರಲ್ಲಿ ಸರ್ಕಾರಕ್ಕಿಂತ ನಿಧಾನ.

ಕಟಿಂಗ್ ಅಂಗಡಿಯೆಂದರೆ ಉದ್ದನೆಯ ಒಂದು ಕೋಣೆ, ಗೋಡೆಯುದ್ದಕ್ಕೂ ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಬಾಗಿಲ ಹತ್ತಿರದ್ದು ಅಣ್ಣನದು, ಒಳಗಿನದು ತಮ್ಮನದು. ಅಣ್ಣ ಬೆಳಿಗ್ಗೆ ಷಟರ್ ಎತ್ತಿದಾಗ ಶುರು ಮಾಡಿದ ಮಾತನ್ನು ಸಂಜೆ ಷಟರ್ ಎಳೆಯುವಾಗಲೇ ನಿಲ್ಲಿಸುತ್ತಿದ್ದ. ತಮ್ಮ ತುಟಿ ಪಿಟಕ್ಕೆನ್ನದವನು. ಮಾತಾಡುವ ಗಿರಾಕಿಗಳೆಲ್ಲ ಇವನ ಕುರ್ಚಿಗೇ ಕಾಯುತ್ತಿದ್ದರು, ಯಾಕೆಂದರೆ ಅಣ್ಣನ ಕುರ್ಚಿಯಲ್ಲಿ ಕೂತರೆ ಅವರಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ.

ತಿಂಗಳಿಗೊಮ್ಮೆ ರಜಾದಿನದಂದು ಇಬ್ಬರೂ ಷಟರನ್ನು ಅರ್ಧಕ್ಕೆ ಎಳೆದುಕೊಂಡು ಒಬ್ಬರಿಗೊಬ್ಬರು ಕಟಿಂಗ್ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತಿತ್ತು. ಅಣ್ಣನ ಕೈ ತಲೆಯ ಮೇಲೆ ಬಿದ್ದದ್ದೇ ತಡ, ತಮ್ಮನ ಬಾಯಿ ಬಿಚ್ಚುತ್ತಿತ್ತು. ತಿಂಗಳಿಡೀ ಕಂಡದ್ದು, ನೊಂದದ್ದು, ನಗು ಬಂದದ್ದು ಎಲ್ಲವನ್ನೂ ಅವನು ಕನ್ನಡಿಯಲ್ಲಿದ್ದ ಅಣ್ಣನಿಗೆ ಹೇಳುತ್ತಿದ್ದ. ಅಂಥ ಮಾತುಗಾರ ಅಣ್ಣ ಆಗ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಇವನು ಆಡುವ ಮಾತೆಲ್ಲ ತಿಂಗಳಿಗೆ ಅಷ್ಟೇ, ಅಷ್ಟು ಅವನಿಗೆ ಸಾಕಾಗಿತ್ತು.

ಚಿಕ್ಕ ಕತ್ತರಿ ಮದುವೆ ಆಗಲಿಲ್ಲ. ಮೊದಲು ತಂಗಿಯರದು ಆಗಲಿ ಅಂದ, ಆಮೇಲೆ ಅಣ್ಣನ ಮಗಳು ಒಂದು ದಡ ಸೇರಲಿ ಅಂದ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಅಣ್ಣ ಹೋದ ಮೇಲೆ ಅತ್ತಿಗೆ ಮಗಳ ಮನೆಗೆ ಹೊರಟುಹೋದರು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇವನೊಬ್ಬನೇ ಉಳಿದ. ಅನ್ನಕ್ಕೆ ಇಟ್ಟರೆ ಎರಡು ಹೊತ್ತಿಗಾಗುವಷ್ಟು ಇಡುತ್ತಿದ್ದ. ಉಳಿದದ್ದನ್ನು ಬಿಸಿ ಮಾಡಿಕೊಳ್ಳಲೂ ಬೇಜಾರಾಗಿ ಹಾಗೇ ತಿನ್ನುತ್ತಿದ್ದ.

ತನ್ನ ಕೂದಲನ್ನೂ ತಾನೇ ಕೈಗೆ ಸಿಕ್ಕಷ್ಟು ಕತ್ತರಿಸಿಕೊಳ್ಳುತ್ತಿದ್ದ. ಮುಂದೆ ನೋಡಿದರೆ ಸರಿ, ಹಿಂದೆ ನೋಡಿದರೆ ಇಲಿ ಕಡಿದ ಚೀಲ. ಔಷಧಿ ಅಂಗಡಿಯವನು ಒಂದು ದಿನ ಎಲ್ಲರೆದುರಿಗೆ, ಇದನ್ನು ಮಾಡಿದ ಮಹಾನುಭಾವ ಯಾರೆಂದು ಹೇಳು, ಆ ಕಡೆ ತಲೆ ಹಾಕುವುದಿಲ್ಲ ಎಂದು ನಗಿಸಿದ. ಇವನೂ ನಕ್ಕ. ಎದುರಿಗೇ ಗಾಜಿನ ಬಾಗಿಲಿನ ಹೊಸ ಸಲೂನು ಇತ್ತು, ನಿಜ. ಆದರೆ ಒಬ್ಬ ಕಟಿಂಗ್‌ನವನು ಇನ್ನೊಬ್ಬನ ಕುರ್ಚಿಯಲ್ಲಿ ಕೂತಿದ್ದನ್ನು ಬೀದಿ ನೋಡಿದರೆ ಮುಗಿಯಿತು, ಮಾರನೇ ದಿನದಿಂದ ಗಿರಾಕಿಗಳೂ ಅಲ್ಲೇ ಕೂರುತ್ತಾರೆ.

ಪಟ್ಟಿಯ ವಿಷಯ ತಂದವನು ವಿಮೆ ಏಜೆಂಟು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡೇ ಪಾಠ ಶುರು ಮಾಡಿದ. "ನಲವತ್ತೈದು ದಾಟಿದ್ಮೇಲೆ ಎಲ್ರೂ ಬರೀಬೇಕು. ಸಾಯೋದ್ರೊಳಗೆ ಏನೇನು ಮಾಡ್ಬೇಕು ಅಂತ. ಬರ್ದಿಟ್ರೆ ಮಾಡ್ತೀವಿ, ಇಲ್ಲಾಂದ್ರೆ ಹಾಗೇ ಹೋಗ್ಬಿಡ್ತೀವಿ." ವಿಮೆ ಮಾರುವವರ ಬಾಯಲ್ಲಿ ಸಾವೆಂದರೆ ಬಸ್ಸು ತಪ್ಪಿದಷ್ಟೇ ಸಲೀಸು. ಅವನು ತನ್ನ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದ. ಅದರಲ್ಲಿ ಕುದುರೆ ಸವಾರಿಯೂ ಇತ್ತು. ಅವನ ಹೊಟ್ಟೆ ನೋಡಿ ಇವನಿಗೆ ಕುದುರೆಯ ಮೇಲೆ ಕನಿಕರ ಹುಟ್ಟಿತು.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಚಿಕ್ಕ ಕತ್ತರಿ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಹಿಂದೆ ಬರೆಯಲು ಕೂತ. ಹಿಮ ನೋಡಬೇಕು. ವಿಮಾನದಲ್ಲಿ ಕಿಟಕಿ ಪಕ್ಕ ಕೂರಬೇಕು. ಈಜು ಕಲಿಯಬೇಕು. ಒಂದಿಷ್ಟು ಜಾಗ ಮಾಡಿಕೊಂಡು ಮರ ಬೆಳೆಸಬೇಕು. ಸರಾಗವಾಗಿ ಬಂತಲ್ಲ ಎಂದು ಅವನಿಗೇ ಖುಷಿಯಾಯಿತು. ಮತ್ತೆ ಓದಿಕೊಂಡಾಗ ಖುಷಿ ಇಳಿಯಿತು. ಹಿಮ ಔಷಧಿ ಅಂಗಡಿಯವನದು. ಕಿಟಕಿ ಸೀಟು ಟೈಲರನದು. ಮರಗಳು ಬಸ್ ಡ್ರೈವರನವು, ಅವನು ಕೂತಾಗಲೆಲ್ಲ ಅದನ್ನೇ ಹೇಳುತ್ತಾನೆ. ಈಜು ಹೈಸ್ಕೂಲು ಮೇಷ್ಟರದು. ಇವನೋ ತಲೆಗೆ ನೀರು ಹಾಕಿಕೊಳ್ಳುವಾಗಲೂ ಉಸಿರು ಕಟ್ಟಿದಂತಾಗಿ ಬಾಗಿಲು ತೆರೆದಿಟ್ಟುಕೊಳ್ಳುವವನು. ಇಷ್ಟು ವರ್ಷ ಕಿವಿಗೆ ಬಿದ್ದ ಊರವರ ಆಸೆಗಳನ್ನೆಲ್ಲ ಇವನು ತನ್ನವೆಂದು ಬರೆದುಕೊಂಡಿದ್ದ.

ಒಂದೊಂದನ್ನೇ ಹೊಡೆದುಹಾಕಿದ. ನನಗೇನು ಬೇಕು ಎಂದು ಕೇಳಿಕೊಂಡ. ಬಹಳ ಹೊತ್ತು ಏನೂ ಹೊಳೆಯಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಕೊನೆಗೆ ಒಂದು ಸಾಲು ಬರೆದ: ಯಾರಾದರೂ ನನಗೆ ಕಟಿಂಗ್ ಮಾಡಬೇಕು, ನಾನು ಮಾತಾಡಬೇಕು.

ಹೇಳಬೇಕಾದ ದೊಡ್ಡ ಗುಟ್ಟೇನೂ ಅವನಲ್ಲಿರಲಿಲ್ಲ. ಅಣ್ಣ ಹೋದ ಮೇಲೆ ತನಗೆ ಹೇಗಾಗುತ್ತಿದೆ ಎಂಬುದನ್ನು ಅವನು ಇನ್ನೂ ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಸತ್ತ ಮನೆಗೆ ಬಂದವರೆಲ್ಲ ಅತ್ತಿಗೆಯನ್ನು ಮಾತಾಡಿಸಿ ಹೋಗಿದ್ದರು, ತಮ್ಮ ಎಂಬವನು ಕುರ್ಚಿ ಹಾಕುತ್ತ ಕಾಫಿ ಕೊಡುತ್ತ ಓಡಾಡಿದ್ದ. ಅತ್ತಿಗೆಗೆ ಹೇಳೋಣವೆಂದರೆ ಅವರದೇ ಅವರಿಗೆ ಹೊರೆಯಾಗಿತ್ತು. ಗಿರಾಕಿಗೆ ಹೇಳೋಣವೆಂದರೆ ಗಿರಾಕಿ ಬರುವುದೇ ತನ್ನದನ್ನು ಹೇಳಿಕೊಳ್ಳಲು. ಎದುರುಬದುರು ಕೂತು ಯಾರ ಮುಖ ನೋಡಿಯೂ ಹೇಳುವುದು ಇವನ ಕೈಲಾಗದ ಕೆಲಸ.

ಆ ವಾರ ಅತ್ತಿಗೆಯ ಫೋನು ಬಂತು. ಊಟ ಆಯಿತಾ, ನಿದ್ದೆ ಬರುತ್ತಾ ಎಂಬ ಮಾಮೂಲಿ ಮಾತೆಲ್ಲ ಮುಗಿದ ಮೇಲೆ ಅವರು ಇದ್ದಕ್ಕಿದ್ದಂತೆ ಕೇಳಿದರು. "ಕೂದ್ಲು ಯಾರ ಹತ್ರ ತೆಗೆಸ್ಕೋತಾ ಇದೀಯ?"

"ನಾನೇ ಮಾಡ್ಕೋತೀನಿ ಅತ್ತಿಗೆ."

"ಹಾಗೆ ಮಾಡ್ಬೇಡ. ಎಲ್ಲಾದ್ರೂ ಹೋಗಿ ಕೂತ್ಕೋ," ಎಂದು ಫೋನಿಟ್ಟರು.

ಮುಂದಿನ ರಜೆಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಯಾರೂ ಗುರುತು ಹಿಡಿಯದ ಬಡಾವಣೆಗೆ ಹೋದ. ಸೈಕಲ್ ಅಂಗಡಿಯ ಪಕ್ಕದಲ್ಲಿ ಒಂದೇ ಕುರ್ಚಿಯ ಸಲೂನು. ಮಾಲೀಕ ಇವನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು, ದಪ್ಪ ಆಸಾಮಿ. ಹೇಗೆ ಬೇಕು ಎಂದು ಕೇಳಿದ. ಇವನು ಮೀಡಿಯಂ ಅಂದ. ಗಿರಾಕಿಗಳ ಬಾಯಲ್ಲಿ ಈ ಮಾತು ಕೇಳಿದರೇ ಒಳಗೊಳಗೇ ಉರಿಯುತ್ತಿದ್ದವನು ಇವನು. ಏನು ಮೀಡಿಯಂ, ಸ್ಕೂಲಿಗೆ ಸೇರಿಸಬೇಕಾ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ. ತನ್ನ ಬಾಯಿಂದಲೂ ಅದೇ ಬಂತು.

ಬಟ್ಟೆ ಹೊದಿಸಿದ ಕೂಡಲೇ ಇವನ ಕೈಗಳು ಅಭ್ಯಾಸಬಲದಿಂದ ಕುತ್ತಿಗೆಯ ಹಿಂದೆ ಹೋಗಿ ಗಂಟು ಹಾಕಿದವು. ಅವನು ನೀರಿನ ಬಾಟಲಿ ಕೈಗೆತ್ತಿಕೊಳ್ಳುವ ಮೊದಲೇ ಇವನು ಕಣ್ಣು ಮುಚ್ಚಿದ. ಕತ್ತರಿ ಕಿವಿಯ ಹತ್ತಿರ ಬರುವ ಮೊದಲೇ ತಾನೇ ಬೆರಳಿನಿಂದ ಕಿವಿ ಮಡಚಿ ಹಿಡಿದ. ದಪ್ಪನೆಯವನು ಕೈ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದ. "ನೀವೂ ನಮ್ಮ ಕೆಲಸದೋರೇ ಅಲ್ವಾ?"

ಹೌದೆಂದ. ಹೌದೆಂದದ್ದೇ ತಪ್ಪಾಯಿತು. ಆ ಮನುಷ್ಯ ಎಷ್ಟು ವರ್ಷದಿಂದ ಇಂಥ ಒಬ್ಬನಿಗಾಗಿ ಕಾದಿದ್ದನೋ, ಮಾತಿನ ಕಟ್ಟೆ ಒಡೆದುಬಿಟ್ಟ. ನಿಂತು ನಿಂತು ಕಾಲಿನ ನರ ಉಬ್ಬಿವೆ, ಹೆಬ್ಬೆರಳು ಮಡಚಲು ಆಗುವುದಿಲ್ಲ, ಮಗ ಈ ಕೆಲಸದ ಹೆಸರೆತ್ತಿದರೆ ಮುಖ ತಿರುಗಿಸುತ್ತಾನೆ, ಹೆಂಡತಿಗೆ ಹೇಳಿದರೆ ಟೀವಿ ಸದ್ದು ಜೋರು ಮಾಡುತ್ತಾಳೆ. ಇವನು ಕೇಳಿಸಿಕೊಂಡ. ಎಲ್ಲಿ ಹೂಂ ಅನ್ನಬೇಕೋ ಅಲ್ಲಿ ಹೂಂ ಅಂದ. ಒಮ್ಮೆ ನಡುವೆ ಬಾಯಿ ತೆರೆದ, ಅಷ್ಟರಲ್ಲಿ ಅವನು ಮೊಣಕೈ ನೋವಿಗೆ ಬಂದಿದ್ದ. ಎರಡು ಬಸ್ಸು ಹತ್ತಿ ಬಂದು ಇನ್ನೊಬ್ಬನ ಕಷ್ಟ ಹೊತ್ತುಕೊಂಡು ಹೋಗುತ್ತಿದ್ದೇನೆ ಎಂದು ಅವನಿಗೆ ನಗು ಬಂತು. ಇನ್ನೊಂದು ಸಲ ಹೀಗೆ ಹೊರಟು ಬರುವ ಧೈರ್ಯ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಕಟಿಂಗ್ ಮುಗಿಯಿತು. ದಪ್ಪನೆಯವನು ಕೈಗನ್ನಡಿ ತಂದು ಕುತ್ತಿಗೆಯ ಹಿಂದೆ ಹಿಡಿದ.

ಇವನಿಗೆ ಯಾರೂ ಹಾಗೆ ಹಿಡಿದು ತೋರಿಸಿರಲಿಲ್ಲ. ಮನೆಯವರಿಗೆ ಯಾರು ಕನ್ನಡಿ ಹಿಡಿಯುತ್ತಾರೆ? ಅಣ್ಣ ಮುಗಿಸಿ ಬೆನ್ನಿಗೊಂದು ತಟ್ಟಿ, ಏಳು ಅನ್ನುತ್ತಿದ್ದ ಅಷ್ಟೇ. ತನ್ನ ಕುತ್ತಿಗೆಯ ಹಿಂಭಾಗವನ್ನು ಈಗ ಮೊದಲ ಸಲ ಕಂಡ. ಕೂದಲ ಅಂಚು ಎಡಗಡೆ ಸ್ವಲ್ಪ ಕೆಳಗಿಳಿದಿತ್ತು, ಅಲ್ಲೊಂದು ಸುಳಿ, ಸುಳಿಯ ಕೆಳಗೆ ಕುತ್ತಿಗೆಗೆ ಅಡ್ಡವಾಗಿ ಎರಡು ಗೆರೆ. ಆ ಸುಳಿಗೆ ಕತ್ತರಿಯನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂದು ಇವನ ಕೈಗೆ ಗೊತ್ತಿತ್ತು. ತಾನು ಇಪ್ಪತ್ತೈದು ವರ್ಷ ಕೂದಲು ತೆಗೆದ ಕುತ್ತಿಗೆ ಅದು.

ದಪ್ಪನೆಯವನು ಕನ್ನಡಿ ಇಳಿಸಲು ಹೋದ. ಇವನು ಬಟ್ಟೆಯೊಳಗಿಂದ ಕೈ ತೆಗೆದು ಅವನ ಮಣಿಕಟ್ಟು ಹಿಡಿದುಕೊಂಡ.

"ಯಾಕೆ, ಸರಿಯಾಗಿಲ್ವಾ?"

"ಸರಿಯಾಗಿದೆ. ನಮ್ಮಣ್ಣನ ಕುತ್ತಿಗೆ ಹೀಗೇ ಇತ್ತು. ನಾನು ಅವನಿಗೆ ಮಾಡ್ತಿದ್ದೆ, ಅವನು ನನಗೆ ಮಾಡ್ತಿದ್ದ. ಹೋಗ್ಬಿಟ್ಟ. ಒಂದು ವರ್ಷದಿಂದ ನನ್ನ ತಲೆ ಯಾರೂ ಮುಟ್ಟಿಲ್ಲ."

ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಯೊಬ್ಬ ತನ್ನ ಸರದಿ ಬಂತೆಂದು ಎದ್ದು ನಿಂತ. ಅವನಿಗೆ ಕೂತಿರಲು ಕೈಸನ್ನೆ ಮಾಡಿ, ದಪ್ಪನೆಯವನು ಕೈಗನ್ನಡಿ ಕೆಳಗಿಟ್ಟು, ಬಾಚಣಿಗೆ ಕತ್ತರಿ ಎತ್ತಿಕೊಂಡು, ಎಡಗೈಯನ್ನು ಇವನ ನೆತ್ತಿಯ ಮೇಲಿಟ್ಟ.

ಕತ್ತರಿ ಮತ್ತೆ ಆಡಲು ಶುರುವಾಯಿತು. ಕೂದಲು ಕತ್ತರಿಸುವ ಕತ್ತರಿಯ ಸದ್ದು ಬೇರೆ, ಬರೀ ಗಾಳಿಯಲ್ಲಿ ಆಡುವ ಕತ್ತರಿಯ ಸದ್ದು ಬೇರೆ. ಅದು ಇವನಿಗೆ ಗೊತ್ತು. ಇವನಿಗೆ ಗೊತ್ತೆಂದು ಅವನಿಗೂ ಗೊತ್ತು. ತೆಗೆಯಲು ಒಂದು ಎಳೆಯೂ ಉಳಿದಿರಲಿಲ್ಲ. ಆದರೂ ಚಿಕ್ಕ ಕತ್ತರಿ ತಲೆ ತಗ್ಗಿಸಿ ಕೂತು, ಅಣ್ಣನ ವಿಷಯ ಹೇಳತೊಡಗಿದ.