ಬೀಗರ ಮನೆಯಲ್ಲಿ ಡ್ಯೂಟಿ

ಸ್ನೇಹಿತರೇ, ಇವತ್ತು ನನ್ನ ಸೊಸೆ ಸವಿತಾಳಿಗೆ ಸಿಕ್ಕ ಮರ್ಯಾದೆ ಕೇಳಿ. ರೋಗಿಗಳ ಮನೆಗೆ ನರ್ಸ್‌ಗಳನ್ನು ಕಳಿಸುವ ಕಂಪನಿಯಲ್ಲಿ ಅವಳ ಕೆಲಸ. ಈ ಸಲ ಪಿರಿಯಾಪಟ್ಟಣದ ವಿಳಾಸ ಕೊಟ್ಟರು. ನೋಡಿದರೆ ಅದು ನನ್ನ ಮಗಳನ್ನು ಕೊಟ್ಟ ಮನೆ! ಹಾಸಿಗೆ ಹಿಡಿದಿರುವುದು ಬೀಗರ ತಾಯಿ.

ಹನ್ನೊಂದು ಗಂಟೆಗೆ ಸವಿತಾ ಫೋನ್ ಮಾಡಿದಳು. "ಅತ್ತೆ, ಕುಂಕುಮ ಕೊಟ್ಟು ಕುರ್ಚಿ ಮೇಲೆ ಕೂರಿಸವ್ರೆ. ಅಜ್ಜಿ ಬೆನ್ನೆಲ್ಲ ಹುಣ್ಣಾಗೈತೆ, ಇವ್ರು ನನ್ನ ಮುಟ್ಟಕ್ಕೇ ಬುಡ್ತಿಲ್ಲ. ಬೇರೆಯವ್ರನ್ನ ಕಳಿಸಿ ಅಂತ ಕಂಪನಿಗೆ ಹೇಳ್ತಾರಂತೆ. ನನ್ನ ಡ್ಯೂಟಿ ಹೋಯ್ತದೆ."

ಬೀಗಿತ್ತಿ ಕೈಗೆ ಫೋನ್ ಕೊಡು ಎಂದೆ.

"ನೆಂಟ್ರ ಕೈಲಿ ಅದೆಲ್ಲ ಮಾಡ್ಸದಾ ಅಕ್ಕ? ಪಾಯಸಕ್ಕೆ ಇಟ್ಟಿವ್ನಿ," ಎಂದರು.

"ಪಾಯಸ ಆಮೇಲೆ ಕಣ್ರೀ. ಅವ್ಳು ನೆಂಟ್ರಂಗೆ ಬಂದಿಲ್ಲ, ನರ್ಸಾಗಿ ಬಂದವ್ಳೆ. ಮೊದ್ಲು ಅಜ್ಜಿ ಹತ್ರ ಬುಡಿ!"

ಬಿಟ್ಟರು. ಸವಿತಾ ಹುಣ್ಣು ತೊಳೆದು, ಕಟ್ಟು ಹಾಕಿ, ಸಂಜೆ ಬಂದಳು. ನಾಳೆಯೂ ಅಲ್ಲೇ ಡ್ಯೂಟಿ.

ಇವತ್ತು ಬೆಳಿಗ್ಗೆ "ಬೀಗರ ಮನೆಗೆ ಕೆಲ್ಸಕ್ಕೆ ಹೋದ್ರೆ ನನ್ನ ಮಾನ ಏನಾಗ್ಬೇಕು?" ಎಂದು ಬಾಗಿಲಿಗೆ ಅಡ್ಡ ನಿಂತವಳು ನಾನೇ. ಆ ವಿಷಯ ಅವಳು ಅಲ್ಲಿ ಬಾಯಿ ಬಿಟ್ಟಿಲ್ಲ.

ನಾಳೆ ಬುತ್ತಿ ನಾನೇ ಕಟ್ಟಿಕೊಡುತ್ತೇನೆ. ಇಲ್ಲದಿದ್ದರೆ ಬೀಗರು ಅವಳನ್ನು ಊಟಕ್ಕೆ ಕೂರಿಸಿ ಮತ್ತೆ ನೆಂಟರನ್ನಾಗಿ ಮಾಡಿಬಿಡುತ್ತಾರೆ.