ಬಿಗಿ ಮುಚ್ಚಳದ ಡಬ್ಬಿ

ಬೆಳಿಗ್ಗೆ ಅಡುಗೆಮನೆಯ ಶೆಲ್ಫು ಒರೆಸುವಾಗ ಹಿಂದಿನ ಸಾಲಿನಲ್ಲಿ ಆ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗಿರುವುದು ಹೊರಗಿನಿಂದಲೇ ಕಾಣುತ್ತದೆ, ಮುಚ್ಚಳ ಮಾತ್ರ ಬಲು ಬಿಗಿ. ಇಂಥದ್ದು ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ನಮ್ಮ ಡಬ್ಬಿಯ ಗತ್ತೇ ಬೇರೆ. ನಮ್ಮ ಚಿನ್ಮಯಿಗೆ ಮೊದಲ ಮಾತು ಬಂದದ್ದು ಇದರ ಮುಂದೆ.

ಚಿನ್ಮಯಿ ನನ್ನ ಮೈದುನನ ಮಗಳು. ಅವಳ ಅಪ್ಪ ಅಮ್ಮ ಗುಬ್ಬಿಯಿಂದ ಬೈಕ್ ಹತ್ತಿ ಅಂತರಸನಹಳ್ಳಿಯ ಕಾರ್ಖಾನೆಗೆ ಹೊರಟರೆಂದರೆ ಮಗು ನನ್ನದೇ. ಮೂರು ವರ್ಷ ತುಂಬಿದರೂ ಅವಳು ಮಾತಾಡಲಿಲ್ಲ. ಬೆರಳು ತೋರಿಸುವಳು, ಆ ಬೆರಳು ಪೂರ್ತಿ ಮೇಲೇಳುವ ಮೊದಲೇ ನಾವು ನೀರೋ ಬಿಸ್ಕತ್ತೋ ಕೈಗಿಡುವೆವು. “ನನ್ನನ್ನ ಅಮ್ಮ ಅಂತ ಕರೀತಾಳಾ ಅಕ್ಕ?” ಎಂದು ಅವಳ ತಾಯಿ ಲತಾ ಕೇಳುತ್ತಿದ್ದಳು. ಇಡೀ ಬೀದಿಗೆ ಸಾಲುವಷ್ಟು ಮಾತಾಡುವ ನಾನು ಆಗ ಮಾತ್ರ ಬಾಚಣಿಗೆ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ತುಮಕೂರಿನ ಸದಾಶಿವನಗರದಲ್ಲಿ ಮಕ್ಕಳಿಗೆ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ವಾರವಾರ ಮಗುವನ್ನು ಬಸ್ಸಿನಲ್ಲಿ ಕರೆದೊಯ್ದೆ. ಸೋಪಿನ ಗುಳ್ಳೆ ಊದುವುದು, ಕನ್ನಡಿ ನೋಡುತ್ತ ತುಟಿ ಕೂಡಿಸುವುದು, ನಾಯಿ ಬೆಕ್ಕಿನ ಚಿತ್ರದ ಕಾರ್ಡುಗಳು. ಮಗುವಿಗಿಂತ ಹುಮ್ಮಸ್ಸಿನಿಂದ ಊದಿ ಸೀರೆಯೆಲ್ಲ ಸೋಪು ಮಾಡಿಕೊಂಡವಳು ನಾನು.

ಒಂದು ದಿನ ಮೇಡಂ ಹೇಳಿದರು: “ಅವಳಿಗಿಷ್ಟವಾದದ್ದನ್ನ ಬಿಗಿ ಡಬ್ಬೀಲಿ ಹಾಕಿ ಕೈಗೆ ಕೊಡಿ. ‘ತೆಗಿ’ ಅಂತ ಒಂದ್ಸಲ ನೀವೇ ಹೇಳಿ, ಆಮೇಲೆ ಮುಖ ನೋಡ್ತಾ ಸುಮ್ನಿರಿ. ಯಾವ ಶಬ್ದ ಬಂದ್ರೂ ಸರಿ, ತಕ್ಷಣ ತೆಗೀರಿ. ಮಾತು ಬರದೇ ಇರೋದು ನಿಮ್ಮ ತಪ್ಪಲ್ಲ. ಮಾತಿಗೊಂಚೂರು ಜಾಗ ಮಾಡ್ಕೊಡಿ, ಅಷ್ಟೇ.”

ಸುಮ್ಮನಿರಬೇಕಂತೆ, ಅದೂ ನಾನು! ಡಬ್ಬಿಗೆ ಕಡ್ಲೆಪುರಿ ತುಂಬಿ, ತುಟಿ ಕಚ್ಚಿ ಕೂತೆ. ಅತ್ತೆಗೆ ತಡೆಯಲಾಗಲಿಲ್ಲ. “ಕೂಸು ಮಿಕಿಮಿಕಿ ನೋಡ್ತಾ ಐತೆ, ಕೊಟ್ಬುಡೇ!”

“ಸ್ವಲ್ಪ ಇರಿ ಅತ್ತೆ” ಎನ್ನುವೆ. ಅಳು ಬರುವ ಹಾಗಾದರೆ ನಾನೇ ತೆಗೆದುಕೊಡುವೆ. ಹೀಗೇ ದಿನಗಳು ಹೋದವು.

ಒಂದು ಮಧ್ಯಾಹ್ನ ಅವಳು ನನ್ನ ಕೈಯನ್ನು ಎಳೆದು ಮುಚ್ಚಳದ ಮೇಲಿಟ್ಟಳು. ನಾನು ಕಾದೆ. ಅವಳ ತುಟಿ ಅಲ್ಲಾಡಿತು. “ತೆಯಿ.”

ನಾನು ಮುಚ್ಚಳ ಎಳೆದ ರಭಸಕ್ಕೆ ಪುರಿ ಮನೆತುಂಬ ಚೆಲ್ಲಿತು. “ಇನ್ನೊಂದ್ ಕಿತ ಅನ್ನು ನನ್ನವ್ವಾ” ಎಂದು ಅತ್ತೆ ಪುರಿಯ ಮೇಲೇ ಕೂತರು. ಕೆಲವು ವಾರಗಳಾದ ಮೇಲೆ, ಸಂಜೆ ಬೈಕ್ ಬಂದು ನಿಂತಾಗ ಚಿನ್ಮಯಿ ಬಾಗಿಲಿಗೆ ಓಡಿ “ಅಮ್ಮ” ಎಂದಳು. ಲತಾ ಹೆಲ್ಮೆಟ್ ತೆಗೆಯುವುದನ್ನೂ ಮರೆತು, ಅದರೊಳಗೇ ಅತ್ತಳು.

ಈಗ ಚಿನ್ಮಯಿ ಎರಡನೇ ಕ್ಲಾಸು. ತರಗತಿಯಲ್ಲಿ ಮಾತು ಜಾಸ್ತಿ ಎಂದು ಟೀಚರ್ ದೂರು ಹೇಳುತ್ತಾರೆ. ಆ ದೂರನ್ನು ನಾನು ಬೀದಿಯಲ್ಲಿ ಮನೆಮನೆಗೂ ಹೋಗಿ ಹೇಳಿ ಬಂದಿದ್ದೇನೆ.

ಇವತ್ತು ಡಬ್ಬಿ ತೊಳೆದು ಮತ್ತೆ ಪುರಿ ತುಂಬಿದೆ. ಸಂಜೆ ತೆಗೆಯಹೋದರೆ ಗಂಟು ನೋವಿನ ಬೆರಳಿಗೆ ಮುಚ್ಚಳ ಜಗ್ಗಲಿಲ್ಲ. ಸ್ಕೂಲಿನಿಂದ ಬಂದ ಚಿನ್ಮಯಿಯ ಕೈಗೆ ಸುಮ್ಮನೆ ಕೊಟ್ಟೆ. ಈ ಕತೆಯನ್ನು ನನ್ನ ಬಾಯಲ್ಲಿ ಎಷ್ಟೋ ಸಲ ಕೇಳಿದವಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತೆಗೆಯದೆ, ನನ್ನ ಮುಖವನ್ನೇ ನೋಡುತ್ತ ಕೂತಳು.

“ಬಾಯ್ಬಿಟ್ಟು ಕೇಳು ದೊಡ್ಡಮ್ಮ. ನಿಧಾನಕ್ಕೆ ಕೇಳು, ನಾನ್ ಕಾಯ್ತೀನಿ.”

“ತೆಗಿ ನನ್ನವ್ವಾ” ಎಂದೆ, ಬೀದಿಗೆಲ್ಲ ಕೇಳುವ ಹಾಗೆ.