ಕೈಗೆ ಸಿಗ್ತಿದ್ದ ಕೊಂಬೆ

ಬಸವೇಶ್ವರನಗರದ ಒಂದು ಮನೆಯವರು ಗಿಡ ಟ್ರಿಮ್ ಮಾಡೋಕೆ ಆ್ಯಪ್‌ನಲ್ಲಿ ನನ್ನ ಬುಕ್ ಮಾಡಿದ್ರು. ಗೇಟಿನ ಪಕ್ಕದ ಬಿಲ್ವದ ಮರ ತೋರಿಸಿ, “ಕೆಳಗೆ ಬಗ್ಗಿರೋ ಕೊಂಬೆ ತೆಗೀರಿ, ಮುಳ್ಳು ಹೊಸ ಕಾರಿಗೆ ಗೀಚುತ್ತೆ” ಅಂತ ಹೇಳಿ ಆಫೀಸಿಗೆ ಹೋದ್ರು.

ಗರಗಸ ಆಗಿದ್ರೆ ಹತ್ತು ನಿಮಿಷ ಹಿಡೀತಿತ್ತು. ಅಷ್ಟರಲ್ಲಿ ಯಾರಾದ್ರೂ ಹೊರಗೆ ಬಂದು ತಡೀತಿದ್ರೋ ಏನೋ. ನನ್ನದು ಬ್ಯಾಟರಿ ಕಟರ್. ಬಟನ್ ಒತ್ತಿದೆ, ಮೂರು ಎಣಿಸೋದ್ರಲ್ಲಿ ಕೊಂಬೆ ನೆಲದ ಮೇಲಿತ್ತು.

ಆಗ ಅವರ ತಂದೆ ಬಂದ್ರು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ತಟ್ಟೆ ಹಿಡಿದಿದ್ರು. ಮರದ ಕಡೆ ನೋಡದೇನೇ ಅಭ್ಯಾಸದ ಮೇಲೆ ಕೈ ಎತ್ತಿದ್ರು. ಅಲ್ಲಿ ಏನೂ ಇರಲಿಲ್ಲ.

“ಇಲ್ಲೊಂದು ಟೊಂಗೆ ಇತ್ತಲ್ಲಪ್ಪ?”

“ನಿಮ್ಮ ಮಗನೇ ತೆಗೀರಿ ಅಂದ್ರು ಸಾರ್.”

“ಪೂಜೆ ಪತ್ರೆಗೆ ನನ್ನ ಕೈಗೆ ಸಿಗ್ತಿದ್ದದ್ದು ಅದೊಂದೇ.”

ಏನು ಮಾಡಬೇಕೋ ತೋಚದೆ ಬಿದ್ದ ಕೊಂಬೆಯನ್ನೇ ಎತ್ತಿ ಅವರ ಮುಂದೆ ಹಿಡಿದೆ. ಮೂರೂ ದಳ ಸರಿಯಿರೋ ಎಲೆಗಳನ್ನೇ ಹುಡುಕಿ ಒಂದೊಂದಾಗಿ ಬಿಡಿಸಿಕೊಂಡ್ರು. ಬೈಯಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಿತ್ತು.

“ಮತ್ತೆ ಈ ಎತ್ತರಕ್ಕೆ ಟೊಂಗೆ ಬರೋಕೆ ಎಷ್ಟು ದಿನ ಬೇಕು?”

“ಬೇಗ ಬರುತ್ತೆ ಸಾರ್” ಅಂದೆ. ಬರೋದಾದ್ರೂ ಐದಾರು ವರ್ಷ ಬೇಕು. ಅವರಿಗೆ ಎಂಬತ್ತು ದಾಟಿತ್ತು. ತಲೆಯಾಡಿಸಿ, ತಟ್ಟೆ ಹಿಡಿದು ಒಳಗೆ ಹೋದ್ರು.

ಸಾಯಂಕಾಲ ಮಗ ಆ್ಯಪ್‌ನಲ್ಲಿ ಐದು ಸ್ಟಾರ್ ಕೊಟ್ಟು, ‘ತುಂಬಾ ನೀಟಾದ ಕೆಲಸ’ ಅಂತ ಬರೆದಿದ್ರು. ನನ್ನ ಹೆಸರು ಒತ್ತಿದವರಿಗೆಲ್ಲ ಈಗ ಮೊದಲು ಕಾಣೋದು ಅದೇ.